ಒಂದೇ ಪ್ಯಾಚ್ ಸ್ಕ್ರಿಪ್ಟ್, ಆರು ಜನ, ಆರು ದಾರಿ: ಹೊಂದಿಸುವುದು ಹೇಗೆ?

ಹೊಂಗೆನೆರಳು, ತುಮಕೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ. ಮಧ್ಯದಲ್ಲಿ ಒಂದು ಘಟನೆ ಇದೆ, ಅದು ಗೊತ್ತಿಲ್ಲದೆ ಪ್ರಶ್ನೆ ಅರ್ಥ ಆಗುವುದಿಲ್ಲ.

ನಾನು ತುಮಕೂರಿನ ಎಸ್.ಎಸ್. ಪುರಂ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಆರು ಜನ ಡೆವಲಪರ್‌ಗಳು. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕೂರಿಸುವ ಒಂದು ಡಬ್ಬಿ ಮಾಡುತ್ತೇವೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರು, ಫ್ಲೋ ಮೀಟರು, ಪಂಪಿನ ಸ್ಟಾರ್ಟರು, ಇವುಗಳನ್ನು ಓದಿ ಸಿಮ್ ಮೂಲಕ ಸರ್ವರ್‌ಗೆ ಕಳಿಸುವುದು ಅದರ ಕೆಲಸ. ಒಳಗೆ ಓಡುವುದು ಓಪನ್‌ಡಬ್ಲ್ಯುಆರ್‌ಟಿ, ರೂಟರ್‌ನಂಥ ಚಿಕ್ಕ ಸಾಧನಗಳ ಲಿನಕ್ಸ್. ಅದರ ಮೇಲೆ ನಮ್ಮದೇ 63 ಪ್ಯಾಚ್‌ಗಳಿವೆ, ಅಂದರೆ ಮೂಲ ಕೋಡಿನಲ್ಲಿ ಎಲ್ಲಿ ಏನು ಬದಲಿಸಬೇಕು ಅಂತ ಬರೆದಿಟ್ಟ ಫೈಲುಗಳು. ಜಾಸ್ತಿ ಪ್ಯಾಚ್‌ಗಳು ಕರ್ನಲ್‌ನ (ಲಿನಕ್ಸ್‌ನ ತಿರುಳು) ಸೀರಿಯಲ್ ಡ್ರೈವರ್‌ಗೆ, ಉಳಿದವು ಮೀಟರ್‌ಗಳ ಜೊತೆ ಮಾತಾಡುವ ಮಾಡ್‌ಬಸ್ ಲೈಬ್ರರಿ ಮತ್ತು ಮೋಡೆಮ್‌ಗೆ ಸಂಬಂಧಪಟ್ಟವು.

ಈ ಪ್ಯಾಚ್‌ಗಳನ್ನು ನೋಡಿಕೊಳ್ಳುವ ಸ್ಕ್ರಿಪ್ಟ್‌ಗಳನ್ನು ಬರೆದವಳು ನಾನು. ಮೂರು ವರ್ಷದ ಹಿಂದೆ, ಈ ಕೆಲಸಕ್ಕೆ ನಾನೊಬ್ಬಳೇ ಇದ್ದಾಗ. ಏಳು ಚಿಕ್ಕ ಶೆಲ್ ಸ್ಕ್ರಿಪ್ಟ್‌ಗಳು. ಒಂದು ಕರ್ನಲ್ ತರುತ್ತದೆ, ಒಂದು ಪ್ಯಾಚ್‌ಗಳನ್ನು ಸಾಲಾಗಿ ಹಾಕುತ್ತದೆ, ಒಂದು ರಿಫ್ರೆಶ್ ಮಾಡುತ್ತದೆ (ಈಗಿನ ಕೋಡಿಗೆ ಹೊಂದುವ ಹಾಗೆ ಪ್ಯಾಚ್ ಫೈಲನ್ನು ಮತ್ತೆ ಬರೆಯುತ್ತದೆ), ಹೀಗೆ. ನನ್ನ ಕೈಗೆ ಒಗ್ಗಿದ ಹಾಗೆ ಬರೆದುಕೊಂಡಿದ್ದೆ. ಹೋಮ್ ಫೋಲ್ಡರಿನಲ್ಲಿ 'ಕೆಲಸ' ಅನ್ನುವ ಡೈರೆಕ್ಟರಿ ಇರಲೇಬೇಕು. ಎಡಿಟರ್ ಅಂದರೆ ವಿಮ್. ಪ್ರತಿ ಸಲ ಮೊದಲು ಫೆಚ್ ಮಾಡುತ್ತದೆ, ಹಾಗಾಗಿ ನೆಟ್ ಇರಲೇಬೇಕು. ಶುರುವಿನಲ್ಲೇ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಟೂಲ್) ರೀಸೆಟ್ ಹಾರ್ಡ್ ಮಾಡಿ, ಕಮಿಟ್ ಮಾಡದ, ಅಂದರೆ ದಾಖಲಿಸದ, ಬದಲಾವಣೆಗಳನ್ನು ಅಳಿಸುತ್ತದೆ, ಯಾಕಂದರೆ ನಾನು ಕಮಿಟ್ ಮಾಡದೆ ಏನನ್ನೂ ಬಿಟ್ಟು ಏಳುವವಳಲ್ಲ.

ಆಮೇಲೆ ಜನ ಸೇರಿದರು. ನಮ್ಮ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಸರ್ ಅಂತಲೇ ಕರೆಯುತ್ತೇವೆ. ಅವರದು ಕ್ವಿಲ್ಟ್, ಪ್ಯಾಚ್‌ಗಳನ್ನು ಒಂದರ ಮೇಲೊಂದು ಪೇರಿಸಿ ನಿಭಾಯಿಸುವ ಟೂಲ್. ಪುಶ್, ಎಡಿಟ್, ರಿಫ್ರೆಶ್, ಪಾಪ್, ಯೋಚನೆಯೇ ಮಾಡದೆ ಕೈ ಓಡುತ್ತದೆ. ತಿಪಟೂರಿನಿಂದ ದಿನಾ ರೈಲಿನಲ್ಲಿ ಬರುವ ಹುಡುಗ ಗಿಟ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಒಂದು ಪ್ಯಾಚ್‌ಗೆ ಒಂದು ಕಮಿಟ್, ತಿದ್ದಬೇಕಾದರೆ ಫಿಕ್ಸಪ್ ಹಾಕಿ ರೀಬೇಸ್, ಕೊನೆಗೆ ಕಮಿಟ್‌ಗಳನ್ನು ಪ್ಯಾಚ್ ಫೈಲುಗಳಾಗಿ ಹೊರತೆಗೆಯುವ ಫಾರ್ಮ್ಯಾಟ್-ಪ್ಯಾಚ್. ಅವನ ಅರ್ಧ ಕೆಲಸ ರೈಲಿನಲ್ಲೇ ನಡೆಯುತ್ತದೆ, ನೆಟ್ ಬಂದು ಹೋಗಿ ಮಾಡುವ ಕಡೆ. ಇನ್ನೊಬ್ಬರದು ಮ್ಯಾಕ್. ಹಾರ್ಡ್‌ವೇರ್ ನೋಡುವ ನನ್ನ ಗೆಳತಿ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪ್ಯಾಚ್ ಫೈಲನ್ನೇ ನೇರ ತೆರೆದು, ಒಂದು ಸಂಖ್ಯೆ ಬದಲಿಸಿ ಸೇವ್ ಮಾಡುತ್ತಾಳೆ. ಹೊಸದಾಗಿ ಸೇರಿದ ಹುಡುಗ ಯಾರ ಪಕ್ಕ ಕೂತಿರುತ್ತಾನೋ ಅವರ ದಾರಿ ಹಿಡಿಯುತ್ತಾನೆ.

ನನ್ನ ಸ್ಕ್ರಿಪ್ಟ್ ಯಾರಿಗೂ ಸರಿಹೋಗಲಿಲ್ಲ. ಒಂದು ದಿನ ಆ ರೀಸೆಟ್ ಹಾರ್ಡ್ ಮ್ಯಾಕ್‌ನವರ ಅರ್ಧ ದಿನದ ಕೆಲಸ ಅಳಿಸಿಹಾಕಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಸ್ಕ್ರಿಪ್ಟ್‌ಗಳನ್ನು ತಮ್ಮ ಫೋಲ್ಡರ್‌ಗೆ ನಕಲು ಮಾಡಿಕೊಂಡು ತಿದ್ದಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಮಾಡಿದರು. ಒಂದು ವರ್ಷದಲ್ಲಿ ಏಳು ಸ್ಕ್ರಿಪ್ಟ್‌ಗಳ ಐದು ಬೇರೆ ಬೇರೆ ನಕಲುಗಳಾದವು.

ಈಗ ಆ ಘಟನೆ. ಎರಡು ತಿಂಗಳ ಹಿಂದೆ ಕರ್ನಲ್ ಆವೃತ್ತಿ ಏರಿಸಿದೆವು. ನಮ್ಮದೊಂದು ಪ್ಯಾಚ್ ಇದೆ, ಡಬ್ಬಿಗೂ ಮೀಟರಿಗೂ ನಡುವಿನ ಆರ್‌ಎಸ್-485 ಲೈನಿಗೆ ಸಂಬಂಧಪಟ್ಟಿದ್ದು. ಆ ತಂತಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಡಬ್ಬಿ ಪ್ರಶ್ನೆ ಕಳಿಸಿ ಲೈನ್ ಬಿಟ್ಟುಕೊಡಬೇಕು, ಆಮೇಲೆ ಮೀಟರ್ ಉತ್ತರ ಕೊಡುತ್ತದೆ. ಕಳಿಸಿದ ಮೇಲೆ, ಲೈನ್ ಬಿಡುವ ಮುಂಚೆ, ಸ್ವಲ್ಪ ಹೊತ್ತು ಕಾಯಿಸುವುದಷ್ಟೇ ನಮ್ಮ ಪ್ಯಾಚಿನ ಕೆಲಸ. 9600 ಬಾಡ್ ವೇಗದಲ್ಲಿ ಒಂದು ಬೈಟ್ ಹೋಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ನಮ್ಮ ಚಿಪ್‌ನಲ್ಲಿ ಆ ಕಾಯುವಿಕೆ ಇಲ್ಲದಿದ್ದರೆ ಕೊನೆಯ ಬೈಟ್ ಅರ್ಧಕ್ಕೇ ತುಂಡಾಗುತ್ತದೆ. ಮಾಡ್‌ಬಸ್‌ನಲ್ಲಿ ಕೊನೆಯ ಎರಡು ಬೈಟ್‌ಗಳು ಸಿಆರ್‌ಸಿ, ಸಂದೇಶ ಸರಿಯಾಗಿ ಬಂದಿದೆಯಾ ಅಂತ ನೋಡುವ ಸಂಖ್ಯೆ. ಅದು ಕೆಟ್ಟರೆ ಮೀಟರ್ ಸುಮ್ಮನಿದ್ದುಬಿಡುತ್ತದೆ.

ಆ ಡ್ರೈವರ್‌ನಲ್ಲಿ ಕಳಿಸುವ ಮುಂಚಿನ ತುಂಡು, ಕಳಿಸಿದ ನಂತರದ ತುಂಡು, ಎರಡೂ ನೋಡಲು ಅಣ್ಣ ತಮ್ಮಂದಿರ ಹಾಗೆ. ಹೊಸ ಕರ್ನಲ್‌ನಲ್ಲಿ ಸುತ್ತಲಿನ ಸಾಲುಗಳು ಸ್ವಲ್ಪ ಬದಲಾಗಿದ್ದವು. ಸರ್ ಅವರ ನಕಲಿನಲ್ಲಿ ಕ್ವಿಲ್ಟ್ ಪುಶ್ ಓಡಿದಾಗ 'ಫಝ್ 2' ಅನ್ನುವ ಒಂದು ಸಾಲು ಬಂದು ಹೋಯಿತು. ಸುತ್ತಲಿನ ಸಾಲುಗಳು ಪೂರ್ತಿ ಹೊಂದದಿದ್ದರೂ ಪ್ಯಾಚ್ ಹಾಕಿದೆ ಅಂತ ಅದರ ಅರ್ಥ. ಪ್ಯಾಚ್ ಹೋಗಿ ತಪ್ಪು ತುಂಡಿನಲ್ಲಿ, ಕಳಿಸುವ ಮುಂಚಿನ ಕಡೆ, ಕೂತಿತು. ಅವರ ಸ್ಕ್ರಿಪ್ಟ್ ತಾನಾಗೇ ರಿಫ್ರೆಶ್ ಮಾಡಿತು. ರಿಫ್ರೆಶ್ ಆದ ಮೇಲೆ ಆ ಪ್ಯಾಚ್ ತಪ್ಪು ಜಾಗಕ್ಕೆ ಅಚ್ಚುಕಟ್ಟಾಗಿ ಹೊಂದುವ ಪ್ಯಾಚ್ ಆಯಿತು. ಫಝ್ ಬಂದಿದ್ದಕ್ಕೆ ಗುರುತೇ ಉಳಿಯಲಿಲ್ಲ.

ನೋಡಿ ಒಪ್ಪಿದವಳು ನಾನು. ಅವರ ನಕಲು ಪ್ರತಿ ಫೈಲಿಗೂ ದಿನಾಂಕ, ಸಮಯ ಹಾಕುತ್ತಿತ್ತು, ಹಾಗಾಗಿ 63 ಫೈಲುಗಳೂ ಬದಲಾದ ಹಾಗೆ ಕಂಡವು. ಸಾವಿರಾರು ಸಾಲುಗಳ ಮಧ್ಯೆ ನಿಜವಾಗಿ ಬದಲಾದದ್ದು ನಾಲ್ಕೇ ಸಾಲು. ನನ್ನ ಕಣ್ಣಿಗೆ ಬೀಳಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು ವಿಷಯ. ತಿಪಟೂರಿನ ಹುಡುಗ ಅದೇ ವಾರ, ರಿಫ್ರೆಶ್ ಆಗುವ ಮುಂಚೆ, ಹಳೇ ಪ್ಯಾಚನ್ನು ಹೊಸ ಕರ್ನಲ್ ಮೇಲೆ ಹಾಕಿ ನೋಡಿದ್ದ. ಅವನ ಕಡೆ ಅದು ಹಿಡಿಯಲೇ ಇಲ್ಲ. ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. "ಅಕ್ಕಾ, ನನ್ನ ಸ್ಕ್ರಿಪ್ಟ್ ನಕಲು ಹಳೇದಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಹೊಸ ಪ್ಯಾಚ್‌ಗಳನ್ನು ಪುಲ್ ಮಾಡಿದೆ, ಸರಿಯಾಗಿ ಹಿಡಿಯಿತು" ಅಂದ.

ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಆ ಡಬ್ಬಿ ಒಂಬತ್ತು ದಿನ ಟಿಡಿಎಸ್ ಓದಲಿಲ್ಲ. ಫಿಲ್ಟರ್ ಹಾಳಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ನಾನೇ ಬಸ್ಸು ಹಿಡಿದು ಹೋದೆ. 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದ ಒಬ್ಬ ಅಜ್ಜಿ, "ನೀರು ಸಪ್ಪೆ ಹೋಗಿ ಉಪ್ಪಾಗೈತೆ ಕಣವ್ವ, ವಾರದಿಂದ ಹೇಳ್ತಾ ಇದೀನಿ" ಅಂದರು. ಮೀಟರ್ ಹೇಳಬೇಕಾಗಿದ್ದನ್ನು ಅವರು ನಾಲಿಗೆಯಲ್ಲಿ ಹೇಳುತ್ತಿದ್ದರು.

ಈಗ ನನ್ನ ಪ್ರಶ್ನೆ. ಆರೂ ಜನರ ದಾರಿ ಗೊತ್ತಿರುವ ಒಂದೇ ದೊಡ್ಡ ಸ್ಕ್ರಿಪ್ಟ್ ಬರೆಯಬೇಕಾ? ಅಥವಾ ಅವರವರ ಸ್ಕ್ರಿಪ್ಟ್ ಅವರವರಿಗೆ ಬಿಟ್ಟು, ಏನೋ ಒಂದನ್ನು ಮಾತ್ರ ಎಲ್ಲರಿಗೂ ಸಮಾನ ಇಡಬೇಕಾ? ಹಾಗಾದರೆ ಆ ಸಮಾನವಾದದ್ದು ಯಾವುದು?


ಅಂತರಗಂಗೆ, ಕೋಲಾರ

ಅಕ್ಕಾ, ಆ ಅಜ್ಜಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಕಡೆಯೂ ಫ್ಲೋರೈಡ್ ನೀರೇ. ಆ ಘಟಕಗಳಿಗಾಗಿ ಕಾಯುವ ಜನರನ್ನು ನೋಡುತ್ತಲೇ ಬೆಳೆದವನು ನಾನು.

ನನ್ನ ಕೆಲಸ ಡೆಬಿಯನ್ (ಒಂದು ಲಿನಕ್ಸ್ ವಿತರಣೆ) ಪ್ಯಾಕೇಜುಗಳದ್ದು, ಪ್ಯಾಚ್‌ಗಳ ನಡುವೆಯೇ ದಿನ ಕಳೆಯುತ್ತದೆ. ನನ್ನ ಉತ್ತರ ನಿಮ್ಮ ಎರಡನೇ ದಾರಿ. ಸಮಾನ ಇಡಬೇಕಾದದ್ದು ಪ್ಯಾಚ್ ಫೋಲ್ಡರ್ ಹೇಗಿರಬೇಕು ಅನ್ನುವುದು. ಅಲ್ಲಿಗೆ ಹೇಗೆ ಬಂದಿರಿ ಅನ್ನುವುದು ಅವರವರ ಇಷ್ಟ.

ಕ್ವಿಲ್ಟ್ ಹುಟ್ಟಿದ್ದೂ ಹೀಗೇ. ಲಿನಕ್ಸ್ ಕರ್ನಲ್‌ನ ಆಂಡ್ರ್ಯೂ ಮಾರ್ಟನ್ ನೂರಾರು ಪ್ಯಾಚ್‌ಗಳನ್ನು ಸಂಭಾಳಿಸಲು ತಮಗಾಗಿ ಒಂದಷ್ಟು ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದರು, ನೀವು ಬರೆದುಕೊಂಡ ಹಾಗೇ. ಅದನ್ನು ತೆಗೆದುಕೊಂಡು ಆಂಡ್ರಿಯಾಸ್ ಗ್ರುಯೆನ್‌ಬಾಕರ್ ಮತ್ತು ಇತರರು ಎಲ್ಲರೂ ಬಳಸುವ ಹಾಗೆ ಕ್ವಿಲ್ಟ್ ಮಾಡಿದರು. 2005ರಲ್ಲಿ ಗಿಟ್ ಬಂತು, ಜನರ ಅಭ್ಯಾಸ ಪೂರ್ತಿ ಬದಲಾಯಿತು. ಆದರೂ ಪ್ಯಾಚ್‌ಗಳ ಒಂದು ಫೋಲ್ಡರ್, ಯಾವುದಾದ ಮೇಲೆ ಯಾವುದು ಅಂತ ಹೇಳುವ ಸೀರೀಸ್ ಫೈಲ್, ಈ ಎರಡು ಹಾಗೇ ಉಳಿದವು. ಡೆಬಿಯನ್‌ನ 3.0 ಕ್ವಿಲ್ಟ್ ಫಾರ್ಮ್ಯಾಟ್ ಅದೇ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಸ್ಟೇಬಲ್ ಕರ್ನಲ್‌ಗೆ ಹೋಗಬೇಕಾದ ಪ್ಯಾಚ್‌ಗಳನ್ನು ಇವತ್ತಿಗೂ ಕ್ವಿಲ್ಟ್ ಸೀರೀಸ್ ಆಗಿಯೇ ಇಡುತ್ತಾರೆ, ಆ ಫೋಲ್ಡರನ್ನು ಗಿಟ್‌ನಲ್ಲಿ ಹಾಕಿ.

ಈಗ ಫೋಲ್ಡರಿನ ರೂಪದ ವಿಷಯ. 63 ಫೈಲು ಬದಲಾದ ಹಾಗೆ ಕಂಡದ್ದಕ್ಕೆ ಕಾರಣ ದಿನಾಂಕ ಮಾತ್ರ ಅಲ್ಲ. ಕ್ವಿಲ್ಟ್ ಕಡೆಯಿಂದ ದಿನಾಂಕ ಬರುತ್ತದೆ, 'ಇಂಡೆಕ್ಸ್' ಅನ್ನುವ ಸಾಲು ಬರುತ್ತದೆ. ಗಿಟ್ ಕಡೆಯಿಂದ ಮೊದಲ ಸಾಲಿನಲ್ಲಿ ಕಮಿಟ್ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ), ಕೊನೆಯ ಸಾಲಿನಲ್ಲಿ ಗಿಟ್ ಆವೃತ್ತಿ, ಸಬ್ಜೆಕ್ಟ್‌ನಲ್ಲಿ 63ರಲ್ಲಿ ಇಷ್ಟನೇದು ಅನ್ನುವ ಸಂಖ್ಯೆ. ಮಧ್ಯೆ ಒಂದು ಪ್ಯಾಚ್ ತೂರಿಸಿದರೆ ಅಷ್ಟೂ ಸಬ್ಜೆಕ್ಟ್ ಬದಲು. ಒಳಗಿನ ಚಿಕ್ಕ ಹ್ಯಾಶ್‌ಗಳ ಉದ್ದವೂ ಒಬ್ಬೊಬ್ಬರ ರೆಪೊದಲ್ಲಿ (ಗಿಟ್ ಕೋಡ್ ಇಡುವ ಫೋಲ್ಡರ್) ಒಂದೊಂದು ಥರ.

ಹಾಗಾಗಿ ಸರ್ ಅವರ ಡಾಟ್ ಕ್ವಿಲ್ಟ್‌ಆರ್‌ಸಿ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ರಿಫ್ರೆಶ್‌ಗೂ ಡಿಫ್‌ಗೂ ನೋ-ಟೈಮ್‌ಸ್ಟ್ಯಾಂಪ್ಸ್, ನೋ-ಇಂಡೆಕ್ಸ್, ಪಿ-ಎಬಿ ಹಾಕಿಸಿ. ಓಪನ್‌ಡಬ್ಲ್ಯುಆರ್‌ಟಿ ದಾಖಲೆಯಲ್ಲೂ ಇದನ್ನೇ ಹೇಳಿದ್ದಾರೆ. ರೈಲಿನ ಹುಡುಗನಿಗೆ ಫಾರ್ಮ್ಯಾಟ್-ಪ್ಯಾಚ್ ಜೊತೆ ಝೀರೋ-ಕಮಿಟ್, ನೋ-ಸಿಗ್ನೇಚರ್, ನೋ-ನಂಬರ್ಡ್, ಫುಲ್-ಇಂಡೆಕ್ಸ್. ಇಷ್ಟಾದರೂ ಕ್ವಿಲ್ಟ್ ಕೊಡುವುದಕ್ಕೂ ಗಿಟ್ ಕೊಡುವುದಕ್ಕೂ ತಲೆಬರಹದಲ್ಲಿ ವ್ಯತ್ಯಾಸ ಉಳಿಯುತ್ತದೆ. ಅದಕ್ಕೆ ಕೊನೆಯಲ್ಲಿ ಎಲ್ಲರೂ ಓಡಿಸುವ ಒಂದು 'ತೊಳೆಯುವ' ಸ್ಕ್ರಿಪ್ಟ್ ಇರಲಿ. ಎರಡು ಸಲ ಓಡಿಸಿದರೂ ಮೊದಲ ಸಲದ ಫಲವೇ ಬರಬೇಕು. ಅದು ತಲೆಬರಹ ಮಾತ್ರ ಮುಟ್ಟಲಿ, ಹಂಕ್ (ಪ್ಯಾಚ್‌ನಲ್ಲಿ ಬದಲಾಗುವ ಸಾಲುಗಳ ತುಂಡು) ಒಳಗೆ ಒಂದು ಸ್ಪೇಸ್ ಕೂಡ ಮುಟ್ಟಬಾರದು. ಸಾಲಿನ ಕೊನೆಯ ಸ್ಪೇಸ್ ತೆಗೆಯುವ ಎಡಿಟರ್‌ಗಳು ಪ್ಯಾಚ್ ಹಾಳು ಮಾಡುವುದನ್ನು ಎಷ್ಟು ಸಲ ನೋಡಿದ್ದೇನೋ.

ಫಝ್ ವಿಷಯ ಎಲ್ಲಕ್ಕಿಂತ ಮುಖ್ಯ. ಪ್ಯಾಚ್ ಕಮಾಂಡ್ ಬೇರೆ ಏನೂ ಹೇಳದಿದ್ದರೆ 2ರವರೆಗೆ ಫಝ್ ಒಪ್ಪುತ್ತದೆ. ಅಂದರೆ ಸುತ್ತಲಿನ ಮೂರು ಸಾಲುಗಳಲ್ಲಿ ಎರಡನ್ನು ಬಿಟ್ಟು ಹೊಂದಿಸಿಬಿಡುತ್ತದೆ. ಡೆಬಿಯನ್‌ನ ಡಿಪಿಕೆಜಿ-ಸೋರ್ಸ್ ಫಝ್ 0 ಇಟ್ಟೇ ಪ್ಯಾಚ್ ಹಾಕುತ್ತದೆ. ಗಿಟ್ ಅಪ್ಲೈ ಸಾಲಿನ ಸಂಖ್ಯೆ ಸರಿದರೆ ಹುಡುಕಿಕೊಳ್ಳುತ್ತದೆ, ಆದರೆ ಸುತ್ತಲಿನ ಸಾಲು ಹೊಂದದಿದ್ದರೆ ಹಾಕುವುದೇ ಇಲ್ಲ. ನಿಮ್ಮ ರೈಲಿನ ಹುಡುಗನ ಕಡೆ ನಿಂತದ್ದು ಅದಕ್ಕೇ. ಅವನ ಸ್ಕ್ರಿಪ್ಟ್ ಹಳೇದಾಗಿರಲಿಲ್ಲ, ಸರಿಯಾಗಿತ್ತು. ಇದನ್ನು ಅವನಿಗೆ ದಯವಿಟ್ಟು ಹೇಳಿ.


ಬೆಟ್ಟದಹಾದಿ, ಚಿಕ್ಕಬಳ್ಳಾಪುರ

ಮೇಡಂ, ನನ್ನದು ಬೇರೆ ಅಭಿಪ್ರಾಯ. ನಮ್ಮಲ್ಲಿ ಹದಿನೈದು ಜನ ಇದ್ದೇವೆ. ಒಂದು ಕಂಟೇನರ್ (ಎಲ್ಲರ ಯಂತ್ರದಲ್ಲೂ ಒಂದೇ ಥರ ಓಡುವ ಪರಿಸರ), ಅದರೊಳಗೆ ಒಂದೇ ಟೂಲ್, ಎಲ್ಲರೂ ಅದರಲ್ಲೇ. ಮೊದಲ ತಿಂಗಳು ಗೊಣಗಿದರು, ಆಮೇಲೆ ಸರಿಹೋಯಿತು. ಒಬ್ಬೊಬ್ಬರ ಅಭ್ಯಾಸಕ್ಕೆ ಸ್ಕ್ರಿಪ್ಟ್ ಬಗ್ಗಿಸುತ್ತಾ ಹೋದರೆ ಸ್ಕ್ರಿಪ್ಟ್ ನೋಡಿಕೊಳ್ಳುವುದೇ ನಿಮಗೊಂದು ಕೆಲಸ ಆಗುತ್ತದೆ. ಆರು ದಾರಿಗೂ ನೀವೊಬ್ಬರೇ ಕಾವಲು ಕಾಯಬೇಕು. ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ.


ಹೊಂಗೆನೆರಳು, ತುಮಕೂರು

ಬೆಟ್ಟದಹಾದಿ ಅವರೇ, ನಾನೂ ಮೊದಲು ಹಾಗೇ ಯೋಚಿಸಿದೆ. ಆದರೆ ಸರ್ ಅವರು ಕ್ವಿಲ್ಟ್‌ನಲ್ಲಿ 63 ಪ್ಯಾಚ್‌ಗಳ ನಡುವೆ ಓಡಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. 20ನೇ ಪ್ಯಾಚ್‌ಗೆ ಇಳಿದು, ತಿದ್ದಿ, ಮತ್ತೆ ಮೇಲೆ ಹತ್ತಿ ಬರಲು ಅವರಿಗೆ ಎರಡು ನಿಮಿಷ ಸಾಕು. ಅದನ್ನು ಕಿತ್ತುಕೊಂಡರೆ ಅವರ ಕೈ ಕಟ್ಟಿಹಾಕಿದ ಹಾಗೆ. ರೈಲಿನ ಹುಡುಗನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್, ಕಂಟೇನರ್ ಎದ್ದು ನಿಲ್ಲುವಷ್ಟರಲ್ಲಿ ರೈಲು ನಿಟ್ಟೂರು ದಾಟಿರುತ್ತದೆ.

ಇನ್ನೂ ಒಂದು ವಿಷಯ. ಒಂದೇ ದಾರಿ ಇದ್ದಿದ್ದರೆ, ಅದು ಸರ್ ಅವರ ದಾರಿಯೇ ಆಗಿದ್ದರೆ, ಆ ತಪ್ಪು ಯಾರ ಕಡೆಯೂ ನಿಲ್ಲುತ್ತಿರಲಿಲ್ಲ. ಬೇರೆ ದಾರಿ ಹಿಡಿದವನ ಕಡೆ ಮಾತ್ರ ನಿಂತಿತು. ಅವನು ಹೇಳುವ ಧೈರ್ಯ ಮಾಡಲಿಲ್ಲ, ಯಾಕಂದರೆ ಅವನ ಕೈಯಲ್ಲಿದ್ದದ್ದು ಯಾರೂ ಲೆಕ್ಕಕ್ಕಿಡದ ನಕಲು.


ಅಂತರಗಂಗೆ, ಕೋಲಾರ

ಅಕ್ಕ ಹೇಳಿದ್ದು ಸರಿ, ಬೆಟ್ಟದಹಾದಿ ಅಣ್ಣ ಹೇಳಿದ ಕಂಟೇನರೂ ಬೇಕು. ಕೆಲಸ ಮಾಡುವುದಕ್ಕಲ್ಲ, ಬಾಗಿಲಲ್ಲಿ ಪರೀಕ್ಷೆ ಮಾಡುವುದಕ್ಕೆ. ಯಾರು ಯಾವ ದಾರಿಯಿಂದ ಬಂದರೂ ಒಳಗೆ ಬರುವ ಮುಂಚೆ ಒಂದೇ ಕಂಟೇನರ್ ಫಝ್ 0 ಇಟ್ಟು ಎಲ್ಲ ಪ್ಯಾಚ್ ಹಾಕಿ ನೋಡಲಿ.

ಅಲ್ಲಿ ಒಂದು ಸುಲಭ ಉಪಾಯ ಇದೆ. ಪ್ಯಾಚ್ ಎಲ್ಲ ಹಾಕಿ, ಗಿಟ್ ಆಡ್ ಮಾಡಿದ ಮೇಲೆ ಗಿಟ್ ರೈಟ್-ಟ್ರೀ ಕೊಡುವ ಹ್ಯಾಶ್ ಬರೆದುಕೊಳ್ಳಿ. ಒಳಗಿನ ಫೈಲುಗಳು ಒಂದೇ ಆಗಿದ್ದರೆ ಹ್ಯಾಶ್ ಒಂದೇ, ಯಾವ ದಾರಿಯಿಂದ ಬಂದಿದ್ದರೂ. ಕ್ವಿಲ್ಟ್ ತನ್ನ ಲೆಕ್ಕ ಇಟ್ಟುಕೊಳ್ಳುವ ಡಾಟ್ ಪಿಸಿ ಫೋಲ್ಡರನ್ನು ಮಾತ್ರ ಹೊರಗಿಡಿ. ಬರೀ ಫಾರ್ಮ್ಯಾಟ್ ಬದಲಾಗಿದೆ ಅಂತ ಯಾರಾದರೂ ಹೇಳಿದರೆ ಮುಂಚಿನ ಹ್ಯಾಶ್, ಈಗಿನ ಹ್ಯಾಶ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಇದ್ದರೆ 63 ಫೈಲು ಓದುವ ಅಗತ್ಯವೇ ಇಲ್ಲ. ಬೇರೆ ಇದ್ದರೆ ಅದು ಬರೀ ಫಾರ್ಮ್ಯಾಟ್ ಅಲ್ಲ. ಕರ್ನಲ್ ಏರಿಸುವುದನ್ನೂ ಫಾರ್ಮ್ಯಾಟ್ ತೊಳೆಯುವುದನ್ನೂ ಒಂದೇ ಕಮಿಟ್‌ನಲ್ಲಿ ಯಾವತ್ತೂ ಸೇರಿಸಬೇಡಿ.

ಫೋಲ್ಡರಿನಿಂದ ಗಿಟ್ ಬ್ರಾಂಚ್‌ಗೆ, ಬ್ರಾಂಚಿನಿಂದ ಫೋಲ್ಡರಿಗೆ ಹೋಗಿ ಬರುವ ಸ್ಕ್ರಿಪ್ಟ್ ಬರೆಯುವ ಮುಂಚೆ ಅದೇ ಕೆಲಸ ಮಾಡುವ ಡೆಬಿಯನ್‌ನವರ ಜಿಬಿಪಿ ಪಿಕ್ಯೂ ನೋಡಿ. ಇಂಪೋರ್ಟ್ ಮಾಡುವಾಗ ಪ್ರತಿ ಪ್ಯಾಚಿನ ಫೈಲ್ ಹೆಸರನ್ನು ಕಮಿಟ್ ಮೆಸೇಜಿನ ಕೊನೆಯಲ್ಲಿ ಬರೆದಿಡಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಅದೇ ಹೆಸರು ವಾಪಸ್ ಬರುತ್ತದೆ. ಇಲ್ಲದಿದ್ದರೆ ಫಾರ್ಮ್ಯಾಟ್-ಪ್ಯಾಚ್ ತನ್ನದೇ ನಂಬರ್ ಕೊಟ್ಟು ಎಲ್ಲ ಫೈಲ್ ಹೆಸರನ್ನೂ ಬದಲಿಸುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಫೈಲ್ ಹೆಸರಿನ ಕ್ರಮದಲ್ಲೇ ಪ್ಯಾಚ್ ಹಾಕುತ್ತದಲ್ವಾ, ಹೆಸರು ಬದಲಾದರೆ ಕ್ರಮವೇ ಬದಲಾಗಬಹುದು.


ರೇಷ್ಮೆಗೂಡು, ಶಿಡ್ಲಘಟ್ಟ

ನಮಸ್ತೆ. ಮ್ಯಾಕ್, ವಿಂಡೋಸ್ ಎರಡರ ಮೇಲೂ ಕೆಲಸ ಮಾಡಿ ಸುಸ್ತಾದವಳು ನಾನು. ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಮ್ಯಾಕ್ ಜೊತೆ ಬರುವ ಬ್ಯಾಶ್ (ಸ್ಕ್ರಿಪ್ಟ್ ಓಡಿಸುವ ಶೆಲ್) 3.2. ಅದರಲ್ಲಿ ಅಸೋಸಿಯೇಟಿವ್ ಅರೇ ಇಲ್ಲ. ಫೈಲನ್ನು ಇದ್ದಲ್ಲೇ ತಿದ್ದಲು ಸೆಡ್‌ಗೆ ಮೈನಸ್ ಐ ಕೊಟ್ಟರೆ ಮುಂದೆ ಒಂದು ಖಾಲಿ ಕೋಟ್ ಬೇಕು, ಲಿನಕ್ಸ್‌ನಲ್ಲಿ ಅದು ಇರಬಾರದು. ಸೆಡ್‌ನಿಂದ ಬೇರೆ ಫೈಲ್‌ಗೆ ಬರೆದು ಎಂವಿ ಮಾಡಿ, ಎರಡೂ ಕಡೆ ನಡೆಯುತ್ತದೆ. ಶೆಲ್ ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್ ಮೂಲಕವೂ ಸ್ಕ್ರಿಪ್ಟ್‌ಗಳನ್ನು ಓಡಿಸಿ.

ವಿಂಡೋಸ್‌ನಲ್ಲಿ ಸಮಸ್ಯೆ ಸಾಲಿನ ಕೊನೆ. ಗಿಟ್ ಪ್ಯಾಚ್ ಫೈಲುಗಳನ್ನು ಸಿಆರ್‌ಎಲ್‌ಎಫ್‌ಗೆ (ವಿಂಡೋಸ್ ಸಾಲಿನ ಕೊನೆಗೆ ಹಾಕುವ ಎರಡು ಅಕ್ಷರ) ಬದಲಿಸಿಬಿಟ್ಟರೆ ಅವು ಹಿಡಿಯದೆ ಹೋಗಬಹುದು. ರೆಪೊದ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಪ್ಯಾಚ್ ಫೈಲುಗಳಿಗೆ ಮೈನಸ್ ಟೆಕ್ಸ್ಟ್ ಅಂತ ಹಾಕಿಡಿ, ಗಿಟ್ ಅವನ್ನು ಮುಟ್ಟುವುದಿಲ್ಲ.

ನಿಮ್ಮ ಗೆಳತಿ ಪ್ಯಾಚ್ ಫೈಲನ್ನೇ ತಿದ್ದುವುದನ್ನು ನಿಲ್ಲಿಸಬೇಡಿ. ಹಾರ್ಡ್‌ವೇರ್‌ನವರು ಬದಲಿಸುವುದು ಒಂದು ಸಂಖ್ಯೆ, ಅದಕ್ಕೆ ಇಡೀ ಕರ್ನಲ್ ಟ್ರೀ (ಕೋಡಿನ ಪೂರ್ತಿ ಫೋಲ್ಡರ್) ಇಳಿಸಿಕೊಳ್ಳಿ ಅನ್ನುವುದು ನ್ಯಾಯ ಅಲ್ಲ. ಇದ್ದ ಸಾಲನ್ನು ಬದಲಿಸಿದರೆ ಏನೂ ಆಗುವುದಿಲ್ಲ. ಒಂದು ಸಾಲು ಸೇರಿಸಿದರೆ ಮಾತ್ರ ಹಂಕ್‌ನ ತಲೆಯಲ್ಲಿ ಎರಡು ಜೋಡಿ ಆಟ್ (@@) ಚಿಹ್ನೆಗಳ ಮಧ್ಯೆ ಇರುವ ಸಾಲುಗಳ ಎಣಿಕೆ ತಪ್ಪುತ್ತದೆ. ಪ್ಯಾಚ್‌ಯುಟಿಲ್ಸ್‌ನಲ್ಲಿ ರೀಕೌಂಟ್‌ಡಿಫ್ ಇದೆ, ಆ ಎಣಿಕೆ ಸರಿಮಾಡುತ್ತದೆ. ನಿಮ್ಮ ತೊಳೆಯುವ ಸ್ಕ್ರಿಪ್ಟ್‌ಗೆ ಮುಂಚೆ ಅದನ್ನು ಓಡಿಸಿ. ಹಂಕ್ ಮುಟ್ಟಬಾರದು ಅಂತ ಅಂತರಗಂಗೆ ಹೇಳಿದ್ದಕ್ಕೆ ಇದೊಂದು ರಿಯಾಯಿತಿ ಕೊಡಿ.


ಬೆಟ್ಟದಹಾದಿ, ಚಿಕ್ಕಬಳ್ಳಾಪುರ

ಸರಿ ಮೇಡಂ, ನಾನು ಎರಡು ಹೆಜ್ಜೆ ಹಿಂದೆ ಬರುತ್ತೇನೆ. ಬಾಗಿಲಲ್ಲಿ ಕಂಟೇನರ್ ಇರುವುದಾದರೆ ನನ್ನ ತಕರಾರು ಇಲ್ಲ. ಆದರೆ ಆರು ದಾರಿ ಬೇಡ, ಎರಡಕ್ಕೆ ನೀವು ಜವಾಬ್ದಾರಿ ತೆಗೆದುಕೊಳ್ಳಿ, ಕ್ವಿಲ್ಟ್ ಮತ್ತು ಗಿಟ್. ಉಳಿದವರು ಇವೆರಡರಲ್ಲಿ ಒಂದರ ಮೇಲೆ ತಮ್ಮದನ್ನು ಕಟ್ಟಿಕೊಳ್ಳಲಿ. ಸ್ಟ್ಯಾಕ್‌ಗಿಟ್ ಬೇಕು ಅಂದವರಿಗೂ ಕೆಳಗೆ ಇರುವುದು ಗಿಟ್ಟೇ.

ಸೆಟ್ಟಿಂಗ್‌ಗಳನ್ನು ಸ್ಕ್ರಿಪ್ಟ್ ಒಳಗೆ ಬರೆಯಬೇಡಿ. ಗಿಟ್ ಕಾನ್ಫಿಗ್‌ನಲ್ಲಿ ನಮ್ಮದೇ ಹೆಸರಿನ ವಿಭಾಗ ಮಾಡಿಕೊಳ್ಳಬಹುದು, ಟ್ರೀ ಎಲ್ಲಿದೆ, ಫೆಚ್ ಬೇಕಾ ಬೇಡವಾ, ಯಾವ ದಾರಿ, ಎಲ್ಲ ಅಲ್ಲಿ. ಸ್ಕ್ರಿಪ್ಟ್ ಅಲ್ಲಿಂದ ಓದಲಿ, ಇಲ್ಲದಿದ್ದರೆ ರೆಪೊದಲ್ಲಿರುವ ಮಾಮೂಲಿ ಸೆಟ್ಟಿಂಗ್ ತೆಗೆದುಕೊಳ್ಳಲಿ. ಎಡಿಟರ್‌ಗೆ ಗಿಟ್ ವಾರ್ ಗಿಟ್_ಎಡಿಟರ್ ಅಂತ ಕೇಳಿದರೆ ಅವರವರದು ಸಿಗುತ್ತದೆ. ಕಮಿಟ್ ಆಗದ ಬದಲಾವಣೆ ಇದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಹೇಳಬೇಕು. ಆ ರೀಸೆಟ್ ಹಾರ್ಡ್ ಇವತ್ತೇ ತೆಗೆಯಿರಿ.

ಒಂದು ಕಮಾಂಡ್ ಸೋತರೂ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್ ಮೈನಸ್ ಇ ಬಳಸುತ್ತಿದ್ದರೆ ಒಂದು ಎಚ್ಚರ. ಹಾಕಲು ಏನೂ ಉಳಿದಿಲ್ಲ ಅಂದಾಗ ಕ್ವಿಲ್ಟ್ ಪುಶ್ 2 ಅಂತ ಎಕ್ಸಿಟ್ ಕೋಡ್ ಕೊಡುತ್ತದೆ. ಅದು ತಪ್ಪಲ್ಲ, ಆದರೆ ಸ್ಕ್ರಿಪ್ಟ್ ಸತ್ತುಹೋಗುತ್ತದೆ. 2 ಬಂದರೆ ಸರಿ ಅಂತ ಬರೆದುಕೊಳ್ಳಿ.


ಹೊಂಗೆನೆರಳು, ತುಮಕೂರು

ಐದು ವಾರ ಆಯಿತು. ಏನಾಯಿತು ಅಂತ ಬಂದು ಹೇಳುವುದು ನನ್ನ ಕರ್ತವ್ಯ.

ಮೊದಲ ದಿನ ಕೋಡ್ ಮುಟ್ಟಲಿಲ್ಲ. ಆರೂ ಜನ ಕೂತು ಒಬ್ಬೊಬ್ಬರ ನಕಲನ್ನು ದೊಡ್ಡ ಪರದೆಯ ಮೇಲೆ ತೆರೆದೆವು. ಸರ್ ಅವರ ನಕಲಿನಲ್ಲಿ ಒಂದು ಒಳ್ಳೆಯ ವಿಷಯ ಇತ್ತು, ರಿಫ್ರೆಶ್‌ಗೆ ಮುಂಚೆ ಫೋಲ್ಡರಿನ ಒಂದು ಪ್ರತಿ ಎತ್ತಿಡುತ್ತದೆ. ಹೊಸ ಹುಡುಗನ ನಕಲಿನಲ್ಲಿ ಸಿಆರ್‌ಎಲ್‌ಎಫ್ ಹುಡುಕುವ ಎರಡು ಸಾಲು ಇದ್ದವು, ನನ್ನ ಗೆಳತಿಯ ಫೈಲುಗಳಿಂದ ಪಾಠ ಕಲಿತು ಅವನೇ ಹಾಕಿಕೊಂಡಿದ್ದ. ಎರಡೂ ಈಗ ಎಲ್ಲರದ್ದು. ಇಷ್ಟು ದಿನ ಈ ತಿದ್ದುಪಡಿಗಳು ಅವರವರ ಹತ್ತಿರವೇ ಇದ್ದವು, ಯಾಕಂದರೆ ನನ್ನ ಸ್ಕ್ರಿಪ್ಟ್‌ನಲ್ಲಿ ಅವಕ್ಕೆ ಜಾಗ ಇರಲಿಲ್ಲ.

ಏಳು ಸ್ಕ್ರಿಪ್ಟ್ ಈಗ ನಾಲ್ಕಾಗಿವೆ. ಒಳಗೆ ತರುವುದು, ಹೊರಗೆ ಕೊಡುವುದು, ತೊಳೆಯುವುದು, ಪರೀಕ್ಷೆ ಮಾಡುವುದು. ಉಳಿದದ್ದು ಅವರವರ ದಾರಿ. ಹೊರಗೆ ಕೊಡುವ ಮುಂಚೆ ಮತ್ತು ನಂತರ, ಅವರವರ ಫೋಲ್ಡರಿನಲ್ಲಿ ಇಂಥ ಹೆಸರಿನ ಫೈಲ್ ಇದ್ದರೆ ಸ್ಕ್ರಿಪ್ಟ್ ಅದನ್ನು ಓಡಿಸುತ್ತದೆ, ಇಲ್ಲದಿದ್ದರೆ ಮುಂದೆ ಹೋಗುತ್ತದೆ. ಸರ್ ಅದರಲ್ಲಿ ತಮ್ಮ ಕ್ವಿಲ್ಟ್ ಅಭ್ಯಾಸಗಳನ್ನೆಲ್ಲ ಇಟ್ಟುಕೊಂಡಿದ್ದಾರೆ. ರೈಲಿನ ಹುಡುಗ ಫೆಚ್ ಆಫ್ ಮಾಡಿಕೊಂಡಿದ್ದಾನೆ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಫಝ್ 0 ಇಟ್ಟ ದಿನ 63ರಲ್ಲಿ 11 ಪ್ಯಾಚ್ ನಿಂತವು. ಓಪನ್‌ಡಬ್ಲ್ಯುಆರ್‌ಟಿ ಬಿಲ್ಡ್ ಅವನ್ನು ಇಷ್ಟು ದಿನ ಹೇಗೋ ಒಪ್ಪಿಕೊಂಡು ಹೋಗುತ್ತಿತ್ತು. ಒಂದೊಂದನ್ನೂ ಇಬ್ಬರು ಪಕ್ಕಪಕ್ಕ ಕೂತು ಓದಿದೆವು, ಮೂರು ದಿನ ಹಿಡಿಯಿತು. ಹತ್ತು ಸರಿಯಾದ ಜಾಗದಲ್ಲೇ ಇದ್ದವು. ಮೋಡೆಮ್‌ನ ಒಂದು ಪ್ಯಾಚ್ ಸರಿಯಾದ ಫಂಕ್ಷನ್‌ನಲ್ಲಿ, ಒಂದು ಇಫ್ (ಷರತ್ತು) ಹೊರಗೆ ಕೂತಿತ್ತು. ಸಿಗ್ನಲ್ ಕಡಿಮೆ ಇರುವ ಕಡೆ ಮೋಡೆಮ್ ಬೇಕಿಲ್ಲದೆ ರೀಸ್ಟಾರ್ಟ್ ಆಗುತ್ತಿದ್ದದ್ದು ಅದರಿಂದ. ಮಧುಗಿರಿ ಕಡೆಯ ಎರಡು ಡಬ್ಬಿಗಳ ಬಗ್ಗೆ ಇದೇ ದೂರು ಇತ್ತು. ಅದು ಟವರ್ ಸಮಸ್ಯೆ ಅಂದುಕೊಂಡಿದ್ದೆವು.

ಆರ್‌ಎಸ್-485 ಪ್ಯಾಚನ್ನು ಸರ್ ಮತ್ತೆ ಬರೆದರು. ನಾನು ಬೇಡ ಅಂದರೂ ಕೇಳಲಿಲ್ಲ. ಪ್ಯಾಚಿನ ಮೇಲೆ ವಿವರಣೆಯಲ್ಲಿ, ಈ ಸಾಲುಗಳು ಕಳಿಸಿದ ನಂತರದ ತುಂಡಿನಲ್ಲೇ ಇರಬೇಕು, ಆಸಿಲೋಸ್ಕೋಪ್ ಹಾಕಿ ಕೊನೆಯ ಬೈಟ್ ನೋಡದೆ ಬಿಡಬಾರದು ಅಂತ ಬರೆದಿದ್ದಾರೆ. ಪಾವಗಡದ ಘಟಕದಲ್ಲಿ ಫಿಲ್ಟರ್ ಬದಲಿಸಿದ್ದಾರೆ, ಟಿಡಿಎಸ್ ದಿನಾ ಬರುತ್ತಿದೆ.

ಅಂತರಗಂಗೆ ಅವರೇ, ನೀವು ಹೇಳಿದ ಮಾತನ್ನು ಆ ಹುಡುಗನಿಗೆ ಹೇಳಿದೆ. ನಿಮ್ಮ ಸಾಲನ್ನೇ ಓದಿಸಿದೆ. ಏನೂ ಹೇಳಲಿಲ್ಲ, ಎರಡು ಸಲ ಓದಿದ.

ಕಳೆದ ಗುರುವಾರ ಮತ್ತೆ ಕರ್ನಲ್ ಏರಿಸಿದೆವು. ಬೆಳಗ್ಗೆ ನಾನಿನ್ನೂ ಮನೆಯಲ್ಲೇ ಇದ್ದೆ, ಅವನ ಮೆಸೇಜ್ ಬಂತು. "ಅಕ್ಕಾ, ಗುಬ್ಬಿ ಸ್ಟೇಷನ್‌ನಲ್ಲಿದ್ದೀನಿ. 41ನೇದು ಹಿಡಿಯುತ್ತಿಲ್ಲ. ನನ್ನ ಸ್ಕ್ರಿಪ್ಟ್ ಸರಿಯಾಗಿದೆ, ನೋಡಿದೆ. ಯಾರೂ ಮರ್ಜ್ ಮಾಡಬೇಡಿ." ನಾನು ಸರ್‌ಗೆ ಫೋನ್ ಮಾಡಿ ನಿಲ್ಲಿಸಿದೆ. ಅವನು ಆಫೀಸಿಗೆ ಬಂದ ಮೇಲೆ ಮೂವರೂ ಕೂತು ನೋಡಿದೆವು. ನಾವು ಸರಿಮಾಡಿದ್ದನ್ನೇ ಕರ್ನಲ್‌ನವರೂ ಈ ಆವೃತ್ತಿಯಲ್ಲಿ ಸರಿಮಾಡಿದ್ದರು, ನಮ್ಮದಕ್ಕಿಂತ ಚೆನ್ನಾಗಿ. ಆ ಪ್ಯಾಚ್ ಇನ್ನು ಬೇಕಾಗಿಲ್ಲ. ಅವನ ಕೈಯಿಂದಲೇ ಅದನ್ನು ತೆಗೆಸಿದೆವು.

ಈಗ ನಮ್ಮ ಹತ್ತಿರ 62 ಇವೆ.